ದಾಸೋಹಭಾವವೂ ಲಾಂಬರೆನೆಯ ಆಸ್ಪತ್ರೆಯೂ

ದಾನ, ದಾಸೋಹ ಇವೆರಡನ್ನೂ ಲೋಕರೂಢಿಯಲ್ಲಿ ಒಂದೇ ಅರ್ಥದಲ್ಲಿ ಬಳಸುವುದುಂಟು. ಶಿವಶರಣರು ಹಾಗೆ ಬಳಸಲಿಲ್ಲ. ದಾನದಲ್ಲಿ ಕೊಡುವವನ ಕೈ ಮೇಲೆ, ಕೊಳ್ಳುವವನ ಕೈ ಕೆಳಗೆ. ದಾಸೋಹವಾದರೋ ‘ನಾನು ದಾಸನು’ ಎಂಬ ಭಾವದಿಂದ ಹುಟ್ಟಿದುದು. ಕೊಡುವವನೇ ಅಲ್ಲಿ ಸೇವಕ. ತನುವನ್ನು ಗುರುವಿಗೆ, ಮನವನ್ನು ಲಿಂಗಕ್ಕೆ, ಧನವನ್ನು ಜಂಗಮಕ್ಕೆ ಸವೆಸುವುದೇ ತ್ರಿವಿಧ ದಾಸೋಹ. ಇವುಗಳಲ್ಲಿ ಧನದ ದಾಸೋಹವು ಸುಲಭವೆಂದು ಗೃಹಸ್ಥರು ಭಾವಿಸುವರು. ವಾಸ್ತವದಲ್ಲಿ ಅಹಂಕಾರವು ಒಳಹೊಗಲು ಅದರಷ್ಟು ಅಗಲವಾದ ಬಾಗಿಲು ಬೇರೊಂದಿಲ್ಲ.

ದಾಸೋಹಕ್ಕೆ ಸಲ್ಲುವ ಧನವು ಕಾಯಕದಿಂದ ಬಂದುದಾಗಿರಬೇಕೆಂಬುದು ಶರಣರ ನಿಯಮ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತನು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ ಸತಿ ಲಕ್ಕಮ್ಮನು ಅದನ್ನು ಒಳಕ್ಕೆ ಸೇರಿಸಲಿಲ್ಲ. ಹೆಚ್ಚಾದುದನ್ನು ಇದ್ದೆಡೆಯಲ್ಲೇ ಸುರಿದು ಬರುವಂತೆ ಪತಿಯನ್ನು ಹಿಂದಕ್ಕೆ ಕಳುಹಿದಳು. ಬಡವಳ ಮನೆಯ ಈ ಲೆಕ್ಕಾಚಾರವು ಧರ್ಮಕಾರ್ಯಕ್ಕಾಗಿ ಹಣ ಕೂಡಿಸುವವರೆಲ್ಲರೂ ನೆನೆಯತಕ್ಕುದು.

ಈ ಭಾವವನ್ನು ಪರದೇಶದ, ಪರಮತದ ಒಬ್ಬನ ಬಾಳಿನಲ್ಲಿ ಒರೆಹಚ್ಚಿ ನೋಡಬಹುದಾಗಿದೆ. ಆಲ್ಬರ್ಟ್ ಶ್ವೈಟ್ಜರ್ 1875ರಲ್ಲಿ ಆಲ್ಸೇಸ್ ಪ್ರಾಂತದಲ್ಲಿ ಜನಿಸಿದನು. ಸ್ಟ್ರಾಸ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತ ಧರ್ಮಶಾಸ್ತ್ರದ ಅಧ್ಯಾಪಕ, ಆರ್ಗನ್ ವಾದ್ಯದಲ್ಲಿ ನಿಪುಣ. ಮೂವತ್ತನೆಯ ವಯಸ್ಸಿನಲ್ಲಿ, ವೈದ್ಯರಿಲ್ಲದೆ ಜನರು ನರಳುತ್ತಿದ್ದ ಮಧ್ಯ ಆಫ್ರಿಕದ ಗ್ಯಾಬೊನ್ ಸೀಮೆಗೆ ಹೋಗಬೇಕೆಂದು ನಿಶ್ಚಯಿಸಿ, ವೈದ್ಯವಿದ್ಯೆಯನ್ನು ಮೊದಲಿನಿಂದ ಕಲಿಯತೊಡಗಿದನು. ಪ್ಯಾರಿಸಿನ ಮಿಷನ್ ಸಂಘವು ಆತನ ಧಾರ್ಮಿಕ ವಿಚಾರಗಳನ್ನು ಒಪ್ಪದೆ ಹಿಂಜರಿಯಿತು. ಆಗ ಆತನು, ತಾನು ವೈದ್ಯನಾಗಿ ಮಾತ್ರವೇ ಬರುವೆನೆಂದೂ ಆಸ್ಪತ್ರೆಯ ವೆಚ್ಚವನ್ನೆಲ್ಲ ತಾನೇ ಒದಗಿಸಿಕೊಳ್ಳುವೆನೆಂದೂ ತಿಳಿಸಿದನು.

ಹಣವು ಬಂದುದೆಲ್ಲಿಂದ? ಬಾಖ್ ಎಂಬ ಸಂಗೀತಕಾರನನ್ನು ಕುರಿತು ಆತನು ಬರೆದ ಗ್ರಂಥವು ಮೂರು ಭಾಷೆಗಳಲ್ಲಿ ಪ್ರಕಟವಾಗಿದ್ದಿತು. ಅದರ ಗೌರವಧನವೂ, ಊರೂರುಗಳಲ್ಲಿ ಆರ್ಗನ್ ನುಡಿಸಿದುದರ ಸಂಭಾವನೆಯೂ ಮೂಲಧನವಾದುವು. 1750ರಲ್ಲಿ ತೀರಿಕೊಂಡ ಆ ಸಂಗೀತಕಾರನೂ ಹೀಗೆ ಕಾಡಿನ ಆಸ್ಪತ್ರೆಗೆ ಪಾಲುದಾರನಾದನು! ಅಷ್ಟರಿಂದ ಸಾಲದಾಗಲು ಪರಿಚಿತರ ಮನೆಗಳಿಗೆ ಹೋಗಿ ಬೇಡಿದನು. ಅತಿಥಿಯಾಗಿ ಹೋದಾಗ ದೊರೆಯುತ್ತಿದ್ದ ಸ್ವಾಗತವು, ಹಣಕ್ಕಾಗಿ ಬಂದಿರುವನೆಂದು ತಿಳಿದೊಡನೆಯೇ ಬೇರೆಯಾಗುತ್ತಿದ್ದಿತೆಂದು ಆತನೇ ಬರೆದಿರುವನು. ಜೋಳಿಗೆ ಹಿಡಿದು ಪ್ರಸಾದನಿಲಯಗಳನ್ನು ಕಟ್ಟಿದ ಮಠಾಧೀಶರನ್ನು ಕಂಡ ನಮ್ಮ ನಾಡಿನವರಿಗೆ ಈ ಅನುಭವವು ಅಪರಿಚಿತವಲ್ಲ; ಜೋಳಿಗೆಯನ್ನು ಕಂಡು ಕದವಿಕ್ಕಿಕೊಂಡ ಮನೆಗಳೂ ಇಲ್ಲಿ ಇಲ್ಲದಿಲ್ಲ. ಆದರೂ ಸುಮಾರು ಒಂದು ವರ್ಷ ಆಸ್ಪತ್ರೆಯನ್ನು ನಡೆಸುವಷ್ಟು ಹಣ ಕೂಡಿತು. ಔಷಧಿ, ಶಸ್ತ್ರಚಿಕಿತ್ಸೆಯ ಉಪಕರಣ ಮೊದಲಾದ ಸಾಮಗ್ರಿಗಳನ್ನು 70 ಪೆಟ್ಟಿಗೆಗಳಲ್ಲಿ ತುಂಬಿ ಮುಂದಾಗಿ ಕಳುಹಿಸಿ, 1913ರ ಮಾರ್ಚಿಯಲ್ಲಿ ದಂಪತಿಗಳು ಹೊರಟರು.

ಓಗೋವೆ ನದಿಯ ದಡದ ಲಾಂಬರೆನೆಯಲ್ಲಿ ಕಟ್ಟಡವಿರಲಿಲ್ಲ. ಹಳೆಯದೊಂದು ಕೋಳಿಗೂಡಿಗೆ ಸುಣ್ಣ ಬಳಿದು ಅದನ್ನೇ ರೋಗಿಗಳನ್ನು ನೋಡುವ ಕೋಣೆಯಾಗಿ ಮಾಡಿಕೊಂಡರು. ಆ ಸೀಮೆಯಲ್ಲಿ ಹರ್ನಿಯಾ ರೋಗವು ಬಹಳ. ಕರುಳು ಜಾರಿ ಬಿಗಿಯಾಗಿ ಸಿಕ್ಕಿಕೊಂಡಿತೆಂದರೆ ಒಳಗೆ ವಾಯು ತುಂಬಿ, ರಕ್ತಸಂಚಾರ ನಿಂತು, ರೋಗಿಯು ಕೆಲವು ದಿನ ಒದ್ದಾಡಿ ಸಾಯುವನು. ಬೇಗನೆ ಶಸ್ತ್ರಕ್ರಿಯೆ ಮಾಡಿದರೆ ಬದುಕುವನು. ಇದಕ್ಕೆ ಬೇಕಾದುದು ಹರಿತವಾದ ಕೆಲವು ಶಸ್ತ್ರಗಳು, ಅವುಗಳನ್ನು ಕುದಿಸುವ ಪಾತ್ರೆ, ಹೊಲಿಯುವ ದಾರ, ನೋವರಿಯದಂತೆ ಮಾಡುವ ಔಷಧಿ ಇಷ್ಟೇ. ಇವಿಲ್ಲದಿದ್ದರೆ ವೈದ್ಯನ ವಿದ್ಯೆಯೆಲ್ಲವೂ ವ್ಯರ್ಥ. ಪತ್ನಿ ಹೆಲೆನ್ ಅರಿವಳಿಕೆಯನ್ನು ನೋಡಿಕೊಳ್ಳುವಳು. ಆ ನಾಡಿನವನೇ ಆದ ಜೋಸೆಫನು ಉದ್ದನೆಯ ರಬ್ಬರು ಕೈಚೀಲ ತೊಟ್ಟು ನೆರವಾಗುವನು.

ಕತ್ತಲು ಕವಿದ ಕೊಟ್ಟಿಗೆಯಲ್ಲಿ ರೋಗಿಯು ಎಚ್ಚತ್ತು, ನೋವಿಲ್ಲವೆಂದು ಮತ್ತೆ ಮತ್ತೆ ಹೇಳುತ್ತ, ವೈದ್ಯನ ಕೈಯನ್ನು ತಡಕಿ ಹಿಡಿದು ಬಿಡಲೊಲ್ಲನು. ಆಗ ಶ್ವೈಟ್ಜರನು, ತಮ್ಮನ್ನು ಇಲ್ಲಿಗೆ ಕಳುಹಿದವನು ಯೇಸುಸ್ವಾಮಿಯೆಂದೂ, ತಾವು ಇಲ್ಲಿ ನೆಲೆಸಿ ಚಿಕಿತ್ಸೆ ಮಾಡಲು ದೂರದ ಯೂರೋಪಿನ ಜನರು ಹಣ ಕೊಟ್ಟಿರುವರೆಂದೂ ಹೇಳುವನು. ಸುತ್ತಲಿದ್ದವರು ಕೇಳುವರು: ಆ ಜನರು ಯಾರು? ಎಲ್ಲಿರುವರು? ನಾವು ಇಷ್ಟೊಂದು ನರಳುತ್ತಿರುವೆವೆಂದು ಅವರಿಗೆ ತಿಳಿದುದು ಹೇಗೆ? ಕೊಟ್ಟವರ ಹೆಸರು ಅಲ್ಲಿ ಯಾರಿಗೂ ತಿಳಿಯದು. ಅವರ ಮುಖವನ್ನು ಯಾರೂ ಕಾಣರು. ಸ್ಟ್ರಾಸ್‌ಬರ್ಗಿನಲ್ಲಿ ಕೊಟ್ಟ ಕಾಸು ಓಗೋವೆಯ ದಡದಲ್ಲಿ ಒಬ್ಬನ ಪ್ರಾಣವಾಗಿರುವುದು, ಕೊಟ್ಟವನಿಗಾದರೋ ಅದರ ಅರಿವೂ ಇರದು. ಅಮೃತಶಿಲೆಯ ಫಲಕದಲ್ಲಿ ಹೆಸರು ಕೆತ್ತಿಸಿದಲ್ಲದೆ ಕೈ ಬಿಚ್ಚದ ದಾತೃಗಳು ಈ ಕೊಟ್ಟಿಗೆಯನ್ನೊಮ್ಮೆ ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಬೇಕು.

ಮೊದಲನೆಯ ಮಹಾಯುದ್ಧದಲ್ಲಿ ದಂಪತಿಗಳು ಜರ್ಮನಿಯ ಪ್ರಜೆಗಳೆಂಬ ಕಾರಣದಿಂದ 1917ರಲ್ಲಿ ಫ್ರಾನ್ಸಿಗೆ ಒಯ್ಯಲ್ಪಟ್ಟು ಬಂಧನದಲ್ಲಿದ್ದರು. ಯುದ್ಧಕಾಲದಲ್ಲಿ ಆಸ್ಪತ್ರೆಗಾಗಿ ಮಾಡಿದ ಸಾಲವು ತಲೆಯ ಮೇಲಿದ್ದಿತು, ದೇಹವೂ ಕುಗ್ಗಿದ್ದಿತು. 1920ರಲ್ಲಿ ಉಪನ್ಯಾಸಕ್ಕೆಂದು ಸ್ವೀಡನ್ನಿಗೆ ಕರೆಸಿದ ಆರ್ಚ್‌ಬಿಷಪ್ ಸೋಡರ್‌ಬ್ಲೂಮ್ ಇದನ್ನು ತಿಳಿದು, ಅಲ್ಲಿಯೇ ವಾದ್ಯ ನುಡಿಸಿ, ಭಾಷಣ ಮಾಡಿ ಹಣ ಕೂಡಿಸುವಂತೆ ಸೂಚಿಸಿದರು. ಕೆಲವೇ ವಾರಗಳಲ್ಲಿ ಅವಸರದ ಸಾಲಗಳು ತೀರಿದುವು. ಮೊದಲು ಸಾಲ, ಆಮೇಲೆ ಹೊಸ ಸಂಕಲ್ಪ. ಲಕ್ಕಮ್ಮನು ಇದನ್ನು ಮೆಚ್ಚುತ್ತಿದ್ದಳೆಂದು ಹೇಳಲು ಸಂಕೋಚವಿಲ್ಲ. 1924ರಲ್ಲಿ ಆತನು ಲಾಂಬರೆನೆಗೆ ಮರಳಿದಾಗ ಆಸ್ಪತ್ರೆಯು ಪಾಳುಬಿದ್ದಿದ್ದಿತು.

ಆದರೆ ಒಂದೆಡೆಯಲ್ಲಿ ಶರಣರ ಒರೆಗಲ್ಲಿಗೆ ಆತನು ಪೂರ್ಣವಾಗಿ ನಿಲ್ಲನು. ಆಫ್ರಿಕದವನು ತನಗೆ ಸಹೋದರನೇ ಹೌದು, ತಾನು ಮಾತ್ರ ಅಣ್ಣನೆಂದು ಆತನು ತನ್ನ ಗ್ರಂಥದಲ್ಲಿ ಬರೆದನು. ಆ ನಾಡಿನವರು ಮುಂದೆ ಇದಕ್ಕೆ ನೊಂದುಕೊಂಡುದು ನ್ಯಾಯವೇ ಆಗಿದೆ. ಬಸವಣ್ಣನವರು ಶರಣರೆಲ್ಲರ ನಡುವೆ ತಮ್ಮನ್ನು ಹಿರಿಯನೆಂದೆಣಿಸಲಿಲ್ಲ, ಕಿಂಕರನೆಂದೆಣಿಸಿದರು. ಐವತ್ತು ವರ್ಷ ಹುಣ್ಣು ತೊಳೆದ ಕೈಗೂ ‘ಅಣ್ಣ’ನೆಂಬ ಆ ಒಂದು ಮೆಟ್ಟಿಲನ್ನು ಇಳಿಯುವುದು ಕಷ್ಟವಾಯಿತು.

1952ನೆಯ ವರ್ಷದ ನೊಬೆಲ್ ಶಾಂತಿ ಪಾರಿತೋಷಕವು ಆತನಿಗೆ 1953ರಲ್ಲಿ ಘೋಷಿತವಾಯಿತು. ಆ ಹಣವನ್ನು ಆತನು ಲಾಂಬರೆನೆಯ ಕುಷ್ಠರೋಗಿಗಳ ವಸತಿಗೆ ವಿನಿಯೋಗಿಸಿದನು. 1965ರಲ್ಲಿ ಅಲ್ಲಿಯೇ ತೀರಿಕೊಂಡನು. ಆಸ್ಪತ್ರೆಯ ಆವರಣದಲ್ಲೇ ಆತನ ಸಮಾಧಿಯಿದೆ.