ಕಾಲುಬಾಯಿ ರೋಗ: ಲಸಿಕೆ ಹಾಕಿಸಿದರೂ ಏಕೆ ಬರುತ್ತದೆ?

"ಹೋದ ವರ್ಷ ಚುಚ್ಚುಮದ್ದು ಹಾಕಿಸಿದೆವು, ಆದರೂ ರೋಗ ಬಂತು. ಮತ್ತೇಕೆ ಹಾಕಿಸಬೇಕು?" ಎಂದು ಅನೇಕ ರೈತರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದುದೇ. 2013ರಲ್ಲಿ ಈ ರೋಗ ನಮ್ಮ ರಾಜ್ಯದಲ್ಲಿ ಹಬ್ಬಿ ಬಹಳಷ್ಟು ದನಗಳು ಸತ್ತುದನ್ನು ಯಾರೂ ಮರೆತಿಲ್ಲ.

ರೋಗಾಣುವಿನ ಗುಣ

ಈ ರೋಗದ ವೈರಸ್‌ನಲ್ಲಿ ಏಳು ಬಗೆಗಳಿವೆ. ನಮ್ಮ ದೇಶದಲ್ಲಿ ಕಾಡುವುವು 'ಓ', 'ಎ' ಮತ್ತು 'ಏಷ್ಯಾ-1'. ಒಂದು ಬಗೆಯಿಂದ ವಾಸಿಯಾದ ದನಕ್ಕೆ ಇನ್ನೊಂದು ಬಗೆ ತಗಲಬಹುದು. ಆದ್ದರಿಂದ ಲಸಿಕೆಯಲ್ಲಿ ಮೂರನ್ನೂ ಸೇರಿಸಿರುತ್ತಾರೆ.

ಈ ವೈರಸ್‌ನ ವಂಶವಾಹಿ ಆರ್‌ಎನ್‌ಎ ಎಂಬ ವಸ್ತುವಿನಿಂದಾದುದು. ಪಹಣಿಯನ್ನು ಕೈಯಲ್ಲಿ ನಕಲು ಮಾಡುವಾಗ ತಪ್ಪು ನುಸುಳುವಂತೆ, ವೈರಸ್ ವೃದ್ಧಿಯಾಗುವಾಗಲೂ ತಪ್ಪುಗಳಾಗುತ್ತವೆ. ತಿದ್ದುವ ಏರ್ಪಾಡು ಅದಕ್ಕಿಲ್ಲ. ಹೀಗೆ ಒಂದೇ ಬಗೆಯಲ್ಲಿ ಹೊಸ ರೂಪಗಳು ಹುಟ್ಟುತ್ತವೆ. ರೋಗ ಬಂದ ದನದ ಮಾದರಿಯನ್ನು ಪರೀಕ್ಷಿಸಿದರೆ ಮಾತ್ರ ಈಗಿನ ಲಸಿಕೆ ಅದಕ್ಕೆ ಹೊಂದುವುದೇ ಎಂದು ತಿಳಿಯುತ್ತದೆ.

ಇದಕ್ಕಿಂತ ಮುಖ್ಯವಾದ ಕಾರಣ ಇನ್ನೊಂದಿದೆ. ಲಸಿಕೆಯ ಶಕ್ತಿ ಸುಮಾರು ಆರು ತಿಂಗಳಲ್ಲಿ ಕುಂದುತ್ತದೆ. ಊರಿಗೆ ರೋಗ ಬಂದ ಮೇಲೆ ಹಾಕಿಸಿದರೆ ಅದೇ ದಿನ ರಕ್ಷಣೆ ದೊರೆಯುವುದಿಲ್ಲ. ಒಂದೆರಡು ವಾರ ಬೇಕು.

ತಳಿ ಮತ್ತು ಹರಡುವಿಕೆ

ಹಳ್ಳಿಕಾರ್, ಅಮೃತಮಹಲ್ ಮೊದಲಾದ ನಾಟಿ ದನಗಳಲ್ಲಿ ರೋಗ ಸಾಮಾನ್ಯವಾಗಿ ಸೌಮ್ಯ, ಹೆಚ್.ಎಫ್., ಜೆರ್ಸಿ ಮಿಶ್ರತಳಿಗಳಲ್ಲಿ ಉಗ್ರ. ಆದರೆ ಎರಡು ದಿನ ಕುಂಟಿ ಸುಧಾರಿಸಿದ ನಾಟಿ ಎತ್ತು ಪಕ್ಕದ ಕೊಟ್ಟಿಗೆಯ ಸೀಮೆಹಸುವಿಗೆ ರೋಗ ಅಂಟಿಸಬಲ್ಲದು. ಜೊಲ್ಲು, ಉಸಿರು, ಹಾಲು, ಮೇವು, ಹಾಲು ಕರೆಯುವವರ ಕೈ, ಎಲ್ಲದರಿಂದಲೂ ವೈರಸ್ ಹರಡುತ್ತದೆ. ಎಳೆಗರುಗಳಲ್ಲಿ ಹೃದಯಕ್ಕೆ ತಗಲಿ ಹಠಾತ್ ಸಾವು ಬರಬಹುದು.

ರೈತರು ಮಾಡಬೇಕಾದುದು

1. ಕರುವಿಗೆ ನಾಲ್ಕು ತಿಂಗಳಾದಾಗ ಮೊದಲ ಲಸಿಕೆ, ಒಂದು ತಿಂಗಳ ನಂತರ ಎರಡನೆಯದು, ಆಮೇಲೆ ಪ್ರತಿ ಆರು ತಿಂಗಳಿಗೊಮ್ಮೆ ತಪ್ಪದೆ ಹಾಕಿಸಬೇಕು.

2. ನಾಟಿ ದನ, ಎಮ್ಮೆ ಎಂದು ಬಿಡದೆ ಊರಿನ ಎಲ್ಲ ರಾಸುಗಳಿಗೂ ಒಂದೇ ಸಾರಿ ಹಾಕಿಸಬೇಕು.

3. ಜಾತ್ರೆ, ಸಂತೆಯಿಂದ ತಂದ ರಾಸನ್ನು ಮೂರು ವಾರ ಬೇರೆ ಕಟ್ಟಬೇಕು.

4. ಜೊಲ್ಲು, ಬಾಯಿಹುಣ್ಣು, ಕುಂಟು ಕಂಡೊಡನೆ ಪಶುವೈದ್ಯರಿಗೆ ತಿಳಿಸಿ, ಮಾದರಿ ತೆಗೆಯಲು ಸಹಕರಿಸಬೇಕು. ರೋಗದ ರಾಸನ್ನು ಸಂತೆಗೆ ಹೊಡೆಯಬಾರದು.

5. ಹತ್ತು ಲೀಟರ್ ನೀರಿಗೆ 400 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಕೊಟ್ಟಿಗೆಯ ನೆಲ ತೊಳೆಯಬೇಕು.

ನೆರೆಯವರ ದನಕ್ಕೆ ಲಸಿಕೆ ಇಲ್ಲದಿದ್ದರೆ ನಮ್ಮ ದನಕ್ಕೂ ಪೂರ್ಣ ಕ್ಷೇಮವಿಲ್ಲ. ಊರೆಲ್ಲ ಒಟ್ಟಾಗಿ ಹಾಕಿಸಿದಾಗಲೇ ಈ ರೋಗ ಹತೋಟಿಗೆ ಬರುತ್ತದೆ.