ಲೈಕ್ ಒತ್ತಿದವರು ಆಟಕ್ಕೂ ಬರಲಿ

ಸಂಘದ ಯುವ ವಿಭಾಗದ ಮಕ್ಕಳೇ, ಈ ಮಳೆಗಾಲದ ಯಕ್ಷಗಾನ, ತಾಳಮದ್ದಳೆಗಳ ಪ್ರಚಾರ ನಿಮ್ಮ ಕೈಗೆ ಬಂದಿದೆ. ಒಳ್ಳೆಯದೇ ಆಯಿತು. ಪತ್ತನಾಜೆಗೆ ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕಲಾವಿದರು ಮುಂಬಯಿಗೆ ಬರುತ್ತಾರೆ. ನಮ್ಮ ಕಾಲದಲ್ಲಿ ಪ್ರಚಾರವೆಂದರೆ ಉಡುಪಿ ಹೋಟೆಲಿನ ಗಲ್ಲಾದ ಪಕ್ಕ ಒಂದು ಕಟ್ಟು ಹ್ಯಾಂಡ್‌ಬಿಲ್, ಕನ್ನಡ ಪೇಪರಿನಲ್ಲಿ ನಾಲ್ಕು ಸಾಲು. ಈಗ ಎಲ್ಲ ಫೋನಿನಲ್ಲಿ. ಆದರೆ ಕುರ್ಚಿ ಆಗಲೂ ತುಂಬಬೇಕಿತ್ತು, ಈಗಲೂ ತುಂಬಬೇಕು. ಅದಕ್ಕೇ ಈ ಕಿವಿಮಾತು.

• ಮೊದಲು ದಾರಿ ಹೇಳಿ, ಹೊಗಳಿಕೆ ಆಮೇಲೆ. ಒಮ್ಮೆ ನಾನೇ ಮಾಡಿಸಿದ ಪೋಸ್ಟರಿನಲ್ಲಿ ‘ಮಾಟುಂಗದಲ್ಲಿ’ ಎಂದಷ್ಟೇ ಇತ್ತು. ಡೊಂಬಿವಲಿಯ ಹಿರಿಯ ದಂಪತಿ ಪೂರ್ವಕ್ಕಿಳಿದು ಭಾವುದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿಗೆ ಹೋದರು. 1926ರ ಸಂಸ್ಥೆ, ಕಾಲು ತಾನಾಗಿಯೇ ಅಲ್ಲಿಗೆ ನಡೆಯುತ್ತದೆ. ಆಟ ಇದ್ದದ್ದು ಪಶ್ಚಿಮದಲ್ಲಿ, ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರದಲ್ಲಿ. ಅವರು ಝೆಡ್ ಬ್ರಿಡ್ಜ್ ಹತ್ತಿ ಇಳಿದು, ನೆನೆದ ಕೊಡೆ ಮಡಚಿ ಒಳಗೆ ಬರುವಾಗ ಒಡ್ಡೋಲಗ ಮುಗಿದಿತ್ತು. ‘ಪ್ರಾಯೋಜಕರ ಮುಖ ಹನ್ನೊಂದು ಹಾಕಿದ್ದೀರಿ, ಸ್ಟೇಷನ್ನಿನ ಹೆಸರು ಒಂದು ಹಾಕಬಾರದಿತ್ತೇ ಮಾರಾಯ್ರೆ?’ ಎಂದರು. ಅಂದಿನಿಂದ ನನ್ನ ನಿಯಮ: ಸ್ಟೇಷನ್, ಪೂರ್ವವೋ ಪಶ್ಚಿಮವೋ, ಯಾವ ಲೈನು, ನಡೆದರೆ ಎಷ್ಟು ನಿಮಿಷ, ಆಟ ಎಷ್ಟು ಗಂಟೆಗೆ ಮುಗಿಯುತ್ತದೆ. ಮುಗಿಯುವ ಹೊತ್ತು ತಿಳಿಯದೆ ಕಲ್ಯಾಣ, ವಸಾಯಿಯವರು ಮನೆಯಿಂದ ಹೊರಡುವುದಿಲ್ಲ.

• ನಮ್ಮ ಆಟಗಳು ಹೆಚ್ಚಾಗಿ ಭಾನುವಾರ. ರೈಲಿನ ಮೆಗಾಬ್ಲಾಕೂ ಭಾನುವಾರವೇ. ಶನಿವಾರ ರಾತ್ರಿ ರೈಲ್ವೆಯ ಪ್ರಕಟಣೆ ನೋಡಿ ಒಂದು ಪೋಸ್ಟ್ ಹಾಕಿ: ‘ಮಾಟುಂಗ–ಮುಲುಂಡ್ ನಡುವೆ ಬ್ಲಾಕ್ ಇದೆ, ಅರ್ಧ ಗಂಟೆ ಮೊದಲೇ ಹೊರಡಿ.’ ಹತ್ತು ಸುಂದರ ಪೋಸ್ಟರಿಗಿಂತ ಆ ಒಂದು ಸಾಲಿಗೆ ಜನ ಬರುತ್ತಾರೆ.

• ವಾಟ್ಸಾಪ್ ಗುಂಪಿನಲ್ಲಿ ‘ಸುಪ್ರಭಾತ’ದ ಹೂವುಗಳ ನಡುವೆ ನಿಮ್ಮ ಆಮಂತ್ರಣ ಮುಳುಗಿಹೋಗುತ್ತದೆ. ಬ್ರಾಡ್‌ಕಾಸ್ಟ್ ಪಟ್ಟಿ ಮಾಡಿ. ಆದರೆ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲಪುವುದು. ಆದ್ದರಿಂದ ಈ ಸಲದ ಆಟದ ದಿನವೇ ಬಾಗಿಲಲ್ಲಿ ಒಬ್ಬರು ನಿಂತು, ಬಂದವರ ಫೋನಿನಲ್ಲಿ ಸಂಘದ ನಂಬರ್ ಹಾಕಿಸಿ. ಎಪ್ಪತ್ತೈದರ ಅಜ್ಜಿಗೆ ಇದೇನೂ ಬೇಡ, ಒಂದು ಫೋನ್ ಮಾಡಿ ಕರೆಯಿರಿ. ಕರೆದರೆ ನಾಲ್ಕು ಜನರನ್ನು ಕಟ್ಟಿಕೊಂಡು ಬರುತ್ತಾರೆ.

• ವಿಡಿಯೋ ತೆಗೆಯುವಾಗ: ರಂಗಸ್ಥಳಕ್ಕೆ ಫೋನ್ ಅಡ್ಡ, ಬಣ್ಣ ಹಚ್ಚುವ ಚೌಕಿಗೆ ಉದ್ದ. ಧಿಗಿಣ ಹಾರುವಾಗ ಉದ್ದ ಹಿಡಿದರೆ ವೇಷ ಚೌಕಟ್ಟಿನಿಂದ ಹೊರಗೆ ಹೋಗಿ ಪರದೆ ಮಾತ್ರ ಉಳಿಯುತ್ತದೆ. ಚೆಂಡೆಯ ಹತ್ತಿರ ಕೂತು ರೆಕಾರ್ಡ್ ಮಾಡಬೇಡಿ, ಫೋನಿನ ಮೈಕ್ ಅದನ್ನು ತಾಳದು, ಭಾಗವತರ ಪದ್ಯವೆಲ್ಲ ಗೊರಗೊರ. ಸೌಂಡಿನವರನ್ನು ಕೇಳಿ ಮಿಕ್ಸರಿನಿಂದಲೇ ಧ್ವನಿ ತೆಗೆದುಕೊಳ್ಳಿ.

• ಚೌಕಿ ಒಂದು ಗಣಿ. ಬಣ್ಣದ ವೇಷದವರು ಮುಖಕ್ಕೆ ಚುಟ್ಟಿ ಇಡುವುದನ್ನು ಅರ್ಧ ನಿಮಿಷ ತೋರಿಸಿದರೆ ಕನ್ನಡ ಓದಲು ಬಾರದ ಮುಂಬಯಿಯ ಹುಡುಗರೂ ನಿಂತು ನೋಡುತ್ತಾರೆ. ಆದರೆ ಕೇಳದೆ ತೆಗೆಯಬೇಡಿ. ಅರ್ಧ ಬಣ್ಣದಲ್ಲಿ, ಬನಿಯನ್ನಿನಲ್ಲಿ ಚಾ ಕುಡಿಯುವ ಕಲಾವಿದ ನಿಮ್ಮ ರೀಲಿನ ಸರಕಲ್ಲ. ಸ್ತ್ರೀವೇಷದವರ ವಿಡಿಯೋದ ಕೆಳಗೆ ಬರುವ ಕೊಳಕು ಕಮೆಂಟನ್ನು ಆ ಕ್ಷಣವೇ ಅಳಿಸಿ. ಕಲಿಯುವ ಮಕ್ಕಳದ್ದಾದರೆ ತಂದೆ ತಾಯಿಯ ಒಪ್ಪಿಗೆ ಇರಲಿ, ಶಾಲೆಯ ಹೆಸರು ಬೇಡವೇ ಬೇಡ.

• ಇದನ್ನು ಎರಡು ಸಲ ಓದಿ. ಕೌರವನ ಮಾತು ಕೌರವನದು, ಅರ್ಥಧಾರಿಯದ್ದಲ್ಲ. ಪ್ರಸಂಗದ ನಡುವಿನಿಂದ ಮೂವತ್ತು ಸೆಕೆಂಡು ಕತ್ತರಿಸಿ ಹಾಕಿದರೆ ಖಳನ ಅಹಂಕಾರವನ್ನು ಜನ ಕಲಾವಿದನ ತಲೆಗೆ ಕಟ್ಟುತ್ತಾರೆ. ಹಾಸ್ಯಗಾರರದ್ದಂತೂ ಇನ್ನೂ ಅಪಾಯ, ಸಭೆಯಲ್ಲಿ ನಕ್ಕ ಮಾತಿಗೇ ಫೋನಿನಲ್ಲಿ ಜಾತಿಯ ಜಗಳ. ಪಾತ್ರದ ಹೆಸರು, ಸಂದರ್ಭ, ಎದುರು ಪಾತ್ರದ ಉತ್ತರ ಮೂರೂ ಇರುವ ತುಂಡನ್ನೇ ಹಾಕಿ. ಆಗದಿದ್ದರೆ ಪದ್ಯ, ಕುಣಿತ ಸಾಕು.

• ಪೂರ್ತಿ ಆಟ ಲೈವ್ ಬೇಕೇ? ಈ ಬಗ್ಗೆ ಸಂಘದಲ್ಲಿ ನಾವು ಮುದುಕರೇ ಜಗಳಾಡುತ್ತೇವೆ. ಭಾಗವತ ಕಾಳಿಂಗ ನಾವಡರ ಪದ್ಯವನ್ನು ಕ್ಯಾಸೆಟ್ಟಿನಲ್ಲಿ ಕೇಳಿದವರೇ ಆಟಕ್ಕೆ ಮುಗಿಬಿದ್ದದ್ದನ್ನು ನಾನು ನೋಡಿದ್ದೇನೆ, ಹಾಗಾಗಿ ನನಗೆ ಹೆದರಿಕೆ ಇಲ್ಲ. ಆದರೂ ಲೈವ್ ಬೇಡ ಅನ್ನುತ್ತೇನೆ. ಹೊರಗೆ ಮಳೆ, ಕೈಯಲ್ಲಿ ಫೋನ್ ಇದ್ದರೆ ಯಾರು ಬಂದಾರು? ವಾರ ಕಳೆದು ಯೂಟ್ಯೂಬಿಗೆ ಹಾಕಿ. ಶೀರ್ಷಿಕೆಯಲ್ಲಿ ಪ್ರಸಂಗ, ಭಾಗವತರು, ವೇಷಧಾರಿಗಳು, ಸ್ಥಳ, ದಿನಾಂಕ ಇರಲಿ. ಚೆಂಡೆ, ಮದ್ದಳೆಯವರ ಹೆಸರು ಬಿಡಬೇಡಿ, ಯಾವಾಗಲೂ ಬಿಟ್ಟುಹೋಗುವುದು ಅವರದ್ದೇ. ಹಾಕುವ ಮೊದಲು ಮೇಳದವರ ಒಪ್ಪಿಗೆ ಪಡೆಯಿರಿ.

• ಮರಾಠಿಯಲ್ಲೂ ಎರಡು ಸಾಲು ಬರೆಯಿರಿ. ಕೊಂಕಣದ ದಶಾವತಾರ ನೋಡಿ ಬೆಳೆದ ನೆರೆಮನೆಯವರಿಗೆ ನಮ್ಮ ಆಟ ಏನೆಂದು ವಿವರಿಸಬೇಕಾಗಿಲ್ಲ, ಕರೆದರೆ ಸಾಕು.

• ಸಿನಿಮಾ ಹಾಡು ಹಾಕಿ ರೀಲ್ ಮಾಡಬೇಡಿ. ಹಕ್ಕಿನವರು ಧ್ವನಿ ಅಡಗಿಸುತ್ತಾರೆ. ನಮ್ಮಲ್ಲೇ ಹಿಮ್ಮೇಳ ಇರುವಾಗ ಎರವಲು ಯಾಕೆ?

• ದುಡ್ಡು ಕೊಟ್ಟು ಜಾಹೀರಾತು ಹಾಕುವುದಾದರೆ ಇಡೀ ದೇಶಕ್ಕೆ ಹಾಕಬೇಡಿ. ಮೀರಾರೋಡ್, ನೆರೂಲ್, ಠಾಣೆ ಎಂದು ಆರಿಸಿ. ಬೆಂಗಳೂರಿನವರ ಲೈಕಿನಿಂದ ಕುರ್ಲಾದ ಕುರ್ಚಿ ತುಂಬದು.

ಹ್ಯಾಂಡ್‌ಬಿಲ್ಲನ್ನೂ ಪೂರ್ತಿ ಬಿಡಬೇಡಿ, ಇನ್ನೂರು ಸಾಕು. ಪೋಸ್ಟರ್ ಹಾಕುವ ಮೊದಲು ನನಗೊಮ್ಮೆ ಕಳುಹಿಸಿ. ಕನ್ನಡಕ ಹಾಕಿಕೊಂಡು ಪೂರ್ವವೋ ಪಶ್ಚಿಮವೋ ನೋಡಿ ಹೇಳುತ್ತೇನೆ.