ಮರದ ಬಿಲ್ಲು: ಹಲಗೆಯಿಂದ ಹೆದೆಯವರೆಗೆ

ರಾಮನವಮಿ, ದಸರಾ ಕಾರ್ಯಕ್ರಮಗಳಲ್ಲಿ ನಮ್ಮ ಮಕ್ಕಳು ಪ್ಲಾಸ್ಟಿಕ್ ಪೈಪಿನ ಬಿಲ್ಲು ಹಿಡಿದು ರಾಮ, ಅರ್ಜುನರಾಗುತ್ತಾರೆ. "ಶಿವಧನುಸ್ಸಿಗೆ ಹೆದೆ ಮೊದಲೇ ಕಟ್ಟಿರಲಿಲ್ಲವೇ? ಏರಿಸುವುದು ಯಾಕೆ?" ಎಂದು ಮಕ್ಕಳು ಕೇಳಿದರೆ ಉತ್ತರ ಸುಲಭ. ಮರದ ಬಿಲ್ಲಿಗೆ ಸದಾ ಹೆದೆ ಕಟ್ಟಿಟ್ಟರೆ ಮರ ಬಾಗಿದಂತೆಯೇ ಉಳಿದು ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಕೆಲಸ ಮುಗಿದೊಡನೆ ಹೆದೆ ಇಳಿಸುತ್ತಾರೆ, ಬೇಕಾದಾಗ ಏರಿಸುತ್ತಾರೆ. ಇದನ್ನು ತೋರಿಸಿಕೊಡಲು ಮನೆಯಲ್ಲೇ ಒಂದು ಬಿಲ್ಲು ಮಾಡಬಹುದು. ಇದು ದೊಡ್ಡವರ ಕೆಲಸ. ಹದಿಹರೆಯದ ಮಕ್ಕಳು ಜೊತೆಗೂಡಬಹುದು.

ಯಾವ ಮರ?

ಇಂಗ್ಲೆಂಡಿನವರು ಯೂ ಮರವನ್ನೂ, ಅಮೆರಿಕದ ಮೂಲನಿವಾಸಿಗಳಲ್ಲಿ ಹಲವರು ಓಸೇಜ್ ಆರೆಂಜ್ ಮರವನ್ನೂ ಬಳಸಿದರು. 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗಿನ ಅವಶೇಷದಲ್ಲಿ ನೂರಕ್ಕೂ ಹೆಚ್ಚು ಯೂ ಬಿಲ್ಲುಗಳು ಸಿಕ್ಕಿವೆ. ನಮಗೆ ಇಲ್ಲಿನ ಮರದಂಗಡಿಯ ರೆಡ್ ಓಕ್ ಹಲಗೆ ಸಾಕು. "ಒಂದು ಬೈ ಎರಡು" ಎಂದು ಮಾರುವ ಈ ಹಲಗೆ ನಿಜವಾಗಿ 3/4 ಇಂಚು ದಪ್ಪ, 1 1/2 ಇಂಚು ಅಗಲ ಇರುತ್ತದೆ. ಉದ್ದ 6 ಅಡಿ ಇರಲಿ. ಮರದ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ನೇರವಾಗಿ ಓಡಿರಬೇಕು. ಎಳೆ ಅಂಚಿಗೆ ಹರಿದುಹೋಗಿದ್ದರೆ ಅಥವಾ ಗಂಟು ಇದ್ದರೆ ಬಿಲ್ಲು ಅಲ್ಲೇ ಮುರಿಯುತ್ತದೆ. ಹತ್ತಾರು ಹಲಗೆ ನೋಡಿ ಒಂದನ್ನು ಆರಿಸಿರಿ.

ಲೆಕ್ಕಾಚಾರ

ಬಿಲ್ಲು ಎಳೆದಾಗ ಗುರಿಯ ಕಡೆಗಿರುವ ಬೆನ್ನು ಹಿಗ್ಗುತ್ತದೆ, ನಮ್ಮ ಕಡೆಗಿರುವ ಹೊಟ್ಟೆ ಕುಗ್ಗುತ್ತದೆ. ಆದ್ದರಿಂದ ಬೆನ್ನಿನ ಎಳೆ ಕತ್ತರಿಸಬಾರದು. ಅದರ ಅಂಚುಗಳನ್ನು ಸ್ವಲ್ಪ ದುಂಡಗೆ ಉಜ್ಜಿದರೆ ಸಾಕು. ಕೆತ್ತುವುದೆಲ್ಲ ಹೊಟ್ಟೆಯ ಕಡೆಯಿಂದ.

ಅಗಲ ಅರ್ಧವಾದರೆ ಬಿಗಿತ ಅರ್ಧವಾಗುತ್ತದೆ. ದಪ್ಪ ಅರ್ಧವಾದರೆ ಬಿಗಿತ ಎಂಟರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ! ದಪ್ಪದಲ್ಲಿ ಶೇಕಡಾ 10 ತೆಗೆದರೂ ಬಿಗಿತ ಶೇಕಡಾ 27 ಕಡಿಮೆ. ತೆಗೆದ ಮರವನ್ನು ಮತ್ತೆ ಅಂಟಿಸಲಾಗದು. ಅವಸರ ಬೇಡ ಎನ್ನುವುದಕ್ಕೆ ಇದೇ ಕಾರಣ.

ಮಾಡುವ ವಿಧಾನ

1. ನಡುವಿನ 4 ಇಂಚು ಹಿಡಿ. ಅಲ್ಲಿ ಪೂರ್ತಿ ದಪ್ಪ ಬಿಡಿ.
2. ಪ್ರತಿ ತೋಳಿನ ಅರ್ಧದವರೆಗೆ ಪೂರ್ತಿ ಅಗಲವಿರಲಿ. ಅಲ್ಲಿಂದ ತುದಿಗೆ 1/2 ಇಂಚಿಗೆ ಇಳಿಸಿ.
3. ದಪ್ಪವನ್ನು ಹಿಡಿಯ ಬಳಿ 5/8 ಇಂಚು, ತುದಿಯಲ್ಲಿ 1/2 ಇಂಚು ಬರುವಂತೆ ಒರಟು ಅರದಿಂದ ಉಜ್ಜಿ. ಹಿಡಿಯಿಂದ ತೋಳಿಗೆ ಮೆಟ್ಟಿಲಾಗದೆ ನಿಧಾನವಾಗಿ ಇಳಿಯಬೇಕು.
4. ಹೆದೆ ಸಿಕ್ಕಿಸುವ ತುದಿಗೆ ನಮ್ಮ ಹಳೆಯ ಮಾತು "ಕೊಪ್ಪು". ಅಲ್ಲಿ ದುಂಡು ಅರದಿಂದ ಎರಡೂ ಬದಿಗೆ ಸಣ್ಣ ಕಚ್ಚು ಮಾಡಿ. ಬೆನ್ನಿಗೆ ತಾಗಿಸಬೇಡಿ.

ಬಾಗಲು ಕಲಿಸುವುದು

ಇದೇ ಮುಖ್ಯ ಪಾಠ. ಉದ್ದನೆಯ ದಾರ ಕಟ್ಟಿ ಕೆಲವೇ ಇಂಚು ಎಳೆದು, ದೂರದಿಂದ ಇನ್ನೊಬ್ಬರು ನೋಡಲಿ. ಎರಡು ತೋಳುಗಳೂ ಸಮವಾಗಿ ಬಾಗುತ್ತಿವೆಯೇ? ಬಾಗದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಅಲ್ಲಿ ಮಾತ್ರ ಕೆರೆಯಿರಿ. ಹೆಚ್ಚು ಬಾಗುವ ಜಾಗವನ್ನು ಮುಟ್ಟಬೇಡಿ. ಪ್ರತಿ ಸಲ ಕೆರೆದ ನಂತರ ಇಪ್ಪತ್ತು ಮೂವತ್ತು ಬಾರಿ ಮೆಲ್ಲಗೆ ಎಳೆದು ಬಿಡಿ, ಆಮೇಲೆ ನೋಡಿ. ಸಮವಾದ ಮೇಲೆ ಬಿಲ್ಲಂಗಡಿಯ ಡಾಕ್ರಾನ್ ಹೆದೆ ಏರಿಸಿ, ಒಂದೊಂದೇ ಇಂಚು ಹೆಚ್ಚಿಸುತ್ತ ಹೋಗಿ. ಊರಿಗೆ ಹೊರಡುವಾಗ ಸೂಟ್‌ಕೇಸ್ ತೂಗುವ ಕೊಕ್ಕೆ ತಕ್ಕಡಿಯಿಂದಲೇ ಎಳೆತ ಅಳೆಯಬಹುದು. ಕಲಿಯುವವರಿಗೆ 25 ಪೌಂಡ್ ಸಾಕು. ಅದಕ್ಕಿಂತ ಜೋರಾಗಿ ಯಾವ ಹಂತದಲ್ಲೂ ಎಳೆಯಬೇಡಿ.

ಎಚ್ಚರಿಕೆ

ಕೆಲಸ ಮಾಡುವಾಗ ಕಣ್ಣಿಗೆ ಕನ್ನಡಕ ಹಾಕಿ. ಬಾಣವಿಲ್ಲದೆ ಹೆದೆ ಎಳೆದು ಬಿಡಬಾರದು. ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿಗೇ ತಿರುಗಿ ಅದು ಒಡೆಯಬಹುದು. ಪ್ರತಿ ಬಳಕೆಗೆ ಮುನ್ನ ಬಿರುಕು ಇದೆಯೇ ನೋಡಿ. ಕಂಡರೆ ಆ ಬಿಲ್ಲನ್ನು ಗೋಡೆಗೆ ತೂಗುಹಾಕಿ, ಮತ್ತೆ ಎಳೆಯಬೇಡಿ. ಹಲವು ಊರುಗಳಲ್ಲಿ ಹಿತ್ತಲಿನಲ್ಲಿ ಬಾಣ ಬಿಡಲು ಅನುಮತಿ ಇಲ್ಲ. ಬಿಲ್ಲುಗಾರಿಕೆಯ ಮೈದಾನಕ್ಕೇ ಹೋಗಿ. ವೇದಿಕೆಯ ಮೇಲಿನ ನಾಟಕಕ್ಕೆ ಪ್ಲಾಸ್ಟಿಕ್ ಬಿಲ್ಲೇ ಇರಲಿ.

ಅಭ್ಯಾಸ ಮುಗಿದ ಮೇಲೆ ಹೆದೆ ಇಳಿಸುವ ಕೆಲಸವನ್ನು ನಿಮ್ಮ ಕಣ್ಣೆದುರಿಗೆ ಮಕ್ಕಳಿಂದಲೇ ಮಾಡಿಸಿ.